ಬ್ಯಾಂಕಿಗೆ ವರ್ಷಾಶನ

ದೇವಸ್ಥಾನಕ್ಕೂ ಮಠಕ್ಕೂ ವರ್ಷಾಶನ ಸಲ್ಲಿಸುವ ಪದ್ಧತಿ ನಮ್ಮ ಮನೆತನಗಳಲ್ಲಿ ಹಿಂದಿನಿಂದಲೂ ಉಂಟು. ಈಚೆಗೆ ಬ್ಯಾಂಕಿಗೂ ವರ್ಷಾಶನ ಸಲ್ಲಿಸುವ ಗೃಹಸ್ಥರು ಹೆಚ್ಚುತ್ತಿದ್ದಾರೆ. ಪ್ರಯಾಣದ ಸೌಕರ್ಯಗಳನ್ನು ಮುಂದಿಟ್ಟು ಕೊಡತಕ್ಕ ಮೇಲ್ದರ್ಜೆಯ ಕ್ರೆಡಿಟ್ ಕಾರ್ಡುಗಳಿಗೆ ವರ್ಷಕ್ಕೊಮ್ಮೆ ತೆರುವ ಶುಲ್ಕವನ್ನು ಕುರಿತು ನಾವು ಹೀಗೆ ಹೇಳುತ್ತಿದ್ದೇವೆ. ಈ ಶುಲ್ಕವನ್ನು ಕೊಡುವುದು ಯುಕ್ತವೋ ಅಲ್ಲವೋ ಎಂಬ ಪ್ರಶ್ನೆ ಕಳೆದ ತಿಂಗಳು ನಮ್ಮ ಮನೆಯಲ್ಲಿಯೇ ಎದ್ದಿತು. ಆಗ ನಾವು ಹಾಕಿದ ಲೆಕ್ಕವನ್ನು ವಾಚಕ ಮಹಾಶಯರ ಮುಂದಿಟ್ಟರೆ ಕೆಲವರಿಗಾದರೂ ಉಪಯೋಗವಾದೀತೆಂದು ನಂಬಿದ್ದೇವೆ.

ನಮ್ಮ ತಮ್ಮನ ಮಗನು ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾನೆ. ಅವನ ತಾಯಿ ನಮ್ಮೊಡನೆ ಸಾಗರದಲ್ಲಿದ್ದಾರೆ. ಮೂರು ವರ್ಷಗಳ ಹಿಂದೆ ಒಂದು ಬ್ಯಾಂಕು ಅವನಿಗೆ ಇಂತಹ ಕಾರ್ಡೊಂದನ್ನು ಕೊಟ್ಟಿತು. ಮೊದಲ ವರ್ಷ ಶುಲ್ಕವಿರಲಿಲ್ಲ. ಎರಡನೆಯ ವರ್ಷ ಲೆಕ್ಕ ನೋಡದೆ ಕೊಟ್ಟನು. ಈಗ ಮೂರನೆಯ ವರ್ಷದ ಶುಲ್ಕದ ಸೂಚನೆ ಬಂದಿತ್ತು: 10,000 ರೂಪಾಯಿ, ಅದರ ಮೇಲೆ ನೂರಕ್ಕೆ 18ರಂತೆ ಜಿ.ಎಸ್.ಟಿ., ಒಟ್ಟು 11,800 ರೂಪಾಯಿ. ಅದರೊಡನೆ, ಕಳೆದ ವರ್ಷ ಅವನಿಗೆ 18,000 ರೂಪಾಯಿಗೂ ಮೀರಿದ ಪ್ರಯೋಜನ ದೊರೆತಿದೆಯೆಂಬ ಒಂದು ಪಟ್ಟಿಯೂ ಇದ್ದಿತು. "ದೊಡ್ಡಪ್ಪ, ಹನ್ನೊಂದು ಕೊಟ್ಟು ಹದಿನೆಂಟು ಪಡೆಯುವುದು ಲಾಭವೇ ಅಲ್ಲವೆ?" ಎಂದನು. ಪಟ್ಟಿಯನ್ನು ಬರೆದವರು ಯಾರೆಂಬುದನ್ನು ಮೊದಲು ನೋಡು ಎಂದೆವು.

ನಮ್ಮ ಶಾಸ್ತ್ರಗಳಲ್ಲಿ ಕರ್ಮಗಳನ್ನು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ವಿಂಗಡಿಸಿರುವುದಷ್ಟೆ. ದಿನವೂ ಮಾಡತಕ್ಕದ್ದು ನಿತ್ಯ; ಗ್ರಹಣಾದಿ ನಿಮಿತ್ತ ಒದಗಿದಾಗ ಮಾಡತಕ್ಕದ್ದು ನೈಮಿತ್ತಿಕ; ಫಲದ ಆಸೆಯಿಂದ ಕೈಕೊಳ್ಳುವುದು ಕಾಮ್ಯ. ಕಾರ್ಡಿನ ಪ್ರಯೋಜನಗಳನ್ನೂ ಹೀಗೆಯೇ ವಿಂಗಡಿಸಿದರೆ ಸತ್ಯವು ತಾನಾಗಿ ಹೊರಬೀಳುತ್ತದೆ.

ಮೊದಲು ನಿತ್ಯದ ಲೆಕ್ಕ. ಅವನ ಮನೆಯ ಖರ್ಚಿನಲ್ಲಿ ವರ್ಷಕ್ಕೆ 4,00,000 ರೂಪಾಯಿ ಈ ಕಾರ್ಡಿನ ಮೂಲಕ ಹೋಗುತ್ತದೆ. ಅದರಲ್ಲಿ ಪೆಟ್ರೋಲು, ವಿಮೆಯ ಕಂತು ಮುಂತಾದ 1,00,000ಕ್ಕೆ ಬ್ಯಾಂಕು ಪಾಯಿಂಟು ಕೊಡುವುದಿಲ್ಲ. ಉಳಿದ 3,00,000ಕ್ಕೆ ನೂರಕ್ಕೆ 2ರಂತೆ 6,000 ಪಾಯಿಂಟು. ಪ್ರಯಾಣದ ಟಿಕೆಟು ಕೊಂಡರೆ ಒಂದು ಪಾಯಿಂಟಿಗೆ ಒಂದು ರೂಪಾಯಿ. ಪಟ್ಟಿಯಲ್ಲಿ ಈ 6,000ವನ್ನು ಪೂರ್ತಿಯಾಗಿ ಎಣಿಸಿದ್ದರು. ಆದರೆ ಅವನಲ್ಲಿ ಶುಲ್ಕವೇ ಇಲ್ಲದ ಮತ್ತೊಂದು ಕಾರ್ಡು ಉಂಟು. ಅದೇ ಖರ್ಚಿಗೆ ಅದು ನೂರಕ್ಕೆ 1ರಂತೆ 3,000 ಕೊಡುತ್ತಿದ್ದಿತು. ಆದುದರಿಂದ ಶುಲ್ಕ ತೆತ್ತುದರಿಂದ ಬಂದ ಲಾಭ 3,000 ಮಾತ್ರ.

ಇನ್ನು ನೈಮಿತ್ತಿಕ. ಕಳೆದ ವರ್ಷ ಅವನು ವಿಮಾನನಿಲ್ದಾಣದ ಲೌಂಜಿಗೆ ನಾಲ್ಕು ಸಲ ಹೋಗಿದ್ದನು. ಬ್ಯಾಂಕು ಒಂದೊಂದು ಪ್ರವೇಶಕ್ಕೆ 1,500ರಂತೆ 6,000 ಬರೆದಿತ್ತು. ಕಾರ್ಡಿಲ್ಲದಿದ್ದರೆ 1,500 ಕೊಟ್ಟು ಒಳಗೆ ಹೋಗುತ್ತಿದ್ದೆಯಾ ಎಂದು ಕೇಳಿದೆವು. "ಇಲ್ಲ, ಇಡ್ಲಿ ಕಾಫಿಗೆ ಮುನ್ನೂರು ಖರ್ಚಾಗುತ್ತಿತ್ತು" ಎಂದನು. ಹಾಗಾದರೆ 1,200 ಬರೆಯತಕ್ಕದ್ದು. ಅಷ್ಟರಲ್ಲಿ ಅವನ ಹೆಂಡತಿಯು, "ಜೊತೆಯವರಿಗೆ ಪುಕ್ಕಟೆಯಲ್ಲ ಮಾವ, ಎರಡು ಸಲ ನಾನು ಹೊರಗೇ ಕುಳಿತಿದ್ದೆ" ಎಂದಳು. ಆ ಕಾಲದ ಬೆಲೆಯನ್ನು ನಾವು ಲೆಕ್ಕಕ್ಕೆ ಹಿಡಿಯಲಿಲ್ಲ, ಅವನೇ ಹಿಡಿಯಬೇಕಾದದ್ದು.

ಸಿಂಗಪುರದಲ್ಲಿರುವ ಅಕ್ಕನ ಮನೆಗೆ ಹೋಗಿದ್ದಾಗ ಅಲ್ಲಿ ಅವನು ಕಾರ್ಡಿನಿಂದ ಮಾಡಿದ ವೆಚ್ಚ 60,000 ರೂಪಾಯಿ. ಪರದೇಶದ ನಾಣ್ಯದಲ್ಲಿ ಮಾಡಿದ ಖರ್ಚಿನ ಮೇಲೆ ಸಾಧಾರಣ ಕಾರ್ಡುಗಳು ಬಹುಮಟ್ಟಿಗೆ ನೂರಕ್ಕೆ 3.5ರಂತೆ ಹೆಚ್ಚಿಗೆ ಹಿಡಿಯುತ್ತವೆ. ಈ ಕಾರ್ಡು ಹಿಡಿಯುವುದು 2. ವ್ಯತ್ಯಾಸ 900, ಅದರ ಮೇಲಿನ ಜಿ.ಎಸ್.ಟಿ. 162, ಒಟ್ಟು 1,062 ರೂಪಾಯಿಯ ನಿಜವಾದ ಉಳಿತಾಯ. ಇದನ್ನು ಒಪ್ಪಿದೆವು.

ಕೊನೆಯದು ಕಾಮ್ಯ. ಹೋಟೆಲೊಂದರಲ್ಲಿ ತಂಗಲು 5,000 ರೂಪಾಯಿಯ ವೋಚರು ದೊರೆತಿತ್ತು. ಆ ಹೋಟೆಲಿನಲ್ಲಿ ಒಂದು ರಾತ್ರಿಗೆ 9,000. ಕೈಯಿಂದ 4,000 ಹಾಕಿ, ಹೋಗಬೇಕೆಂದಿಲ್ಲದ ಊರಿಗೆ ಹೋಗಿ ಮಲಗಿ ಬಂದರೆ 5,000 ಉಳಿಯಿತೆಂದು ಹೇಳುವುದು ಹೇಗೆ? ವೋಚರು ಬಳಕೆಯಾಗದೆ ಅವಧಿ ಮೀರಿತು. ಅದಕ್ಕೆ ಸೊನ್ನೆ ಬರೆದೆವು. ಮತ್ತೊಂದು ಆಮಿಷವೂ ಇದ್ದಿತು: ವರ್ಷದಲ್ಲಿ 5,00,000 ಖರ್ಚು ಮಾಡಿದರೆ ಶುಲ್ಕ ಮಾಫಿ. ಕೊರತೆಯಾದ 1,00,000ಕ್ಕೆ ದೊಡ್ಡದೊಂದು ಟಿ.ವಿ. ಕೊಳ್ಳೋಣವೆಂದು ಅವನು ಯೋಚಿಸಿದ್ದನು. "ಇರುವುದು ಕೆಟ್ಟಿದೆಯೇನೋ?" ಎಂದು ನಮ್ಮ ಮನೆಯವರು ಒಳಗಿನಿಂದ ಕೇಳಿದರು. ಕೆಟ್ಟಿರಲಿಲ್ಲ. 11,800 ಉಳಿಸುವುದಕ್ಕಾಗಿ ಲಕ್ಷ ರೂಪಾಯಿ ಕಳೆಯುವ ವಿಚಾರ ಅಲ್ಲಿಗೆ ನಿಂತಿತು.

ಕೂಡಿ ನೋಡಿದರೆ, ಬ್ಯಾಂಕಿನ ಪಟ್ಟಿಯಂತೆ 18,062. ನಮ್ಮ ಪಟ್ಟಿಯಂತೆ 5,262. ಕೊಡತಕ್ಕದ್ದು 11,800. ನಷ್ಟ 6,538 ರೂಪಾಯಿ. ಒಂದು ಸೌಕರ್ಯದ ಬೆಲೆಯು ಮಾರುವವನು ಅದಕ್ಕೆ ಹಚ್ಚಿದ ಬೆಲೆಯಲ್ಲ. ಕಾರ್ಡೇ ಇಲ್ಲದಿದ್ದರೆ ಅದಕ್ಕಾಗಿ ನಾವು ಎಷ್ಟು ಕೊಡುತ್ತಿದ್ದೆವೋ ಅಷ್ಟೇ. ನಮ್ಮ ಲೆಕ್ಕದ ಸಾರವಿಷ್ಟು.

ಹಾಗೆಂದು ಈ ಕಾರ್ಡು ಯಾರಿಗೂ ಸಲ್ಲದೆಂದು ನಾವು ಹೇಳುವುದಿಲ್ಲ. ವ್ಯವಹಾರಕ್ಕಾಗಿ ತಿಂಗಳು ತಿಂಗಳೂ ಹೊರದೇಶಕ್ಕೆ ಹೋಗಿ, ಅಲ್ಲಿ ವರ್ಷಕ್ಕೆ 6,00,000 ರೂಪಾಯಿಯನ್ನು ಸ್ವಂತ ಹಣದಿಂದ ಖರ್ಚುಮಾಡುವವರಿಗೆ ನಾಣ್ಯವಿನಿಮಯದ ಉಳಿತಾಯವೊಂದೇ 10,620 ಆಗುತ್ತದೆ. ಇಪ್ಪತ್ತು ಸಲ ಲೌಂಜಿನಲ್ಲಿ ಉಂಡರೆ ಮುನ್ನೂರರಂತೆ 6,000. ಅಂಥವರು ಶುಲ್ಕವನ್ನು ಧಾರಾಳವಾಗಿ ಕೊಡಬಹುದು. ಆದರೆ ತಿಂಗಳ ಬಾಕಿಯನ್ನು ಪೂರ್ತಿಯಾಗಿ ತೀರಿಸದವರು ಇತ್ತ ನೋಡಲೇ ಬಾರದು. ತಿಂಗಳಿಗೆ ನೂರಕ್ಕೆ 3.75ರ ಬಡ್ಡಿಯಾದರೆ 50,000 ಬಾಕಿಗೆ 1,875; ಜಿ.ಎಸ್.ಟಿ. ಸೇರಿ 2,212 ರೂಪಾಯಿ 50 ಪೈಸೆ. ಇಂತಹ ಮೂರು ತಿಂಗಳು ಕಳೆಯುವುದರೊಳಗೆ ಮೇಲೆ ಕಂಡ 5,262 ಕರಗಿಹೋಗುತ್ತದೆ.

ಲೆಕ್ಕ ತಿಳಿದ ಮೇಲೆಯೂ ಹುಡುಗನು ಸುಮ್ಮನೆ ಕುಳಿತಿದ್ದನು. ಆಫೀಸಿನಲ್ಲಿ ಎಲ್ಲರಲ್ಲಿಯೂ ಇಂತಹ ಕಾರ್ಡು ಇದೆಯೆಂದು ಕೊನೆಗೆ ಹೇಳಿದನು. ಇದರಲ್ಲಿ ಹೊಸದೇನೂ ಇಲ್ಲ. 1958ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪೆನಿಯವರು ತಮ್ಮ ಮೊದಲ ಕಾರ್ಡನ್ನು ಹೊರಡಿಸಿದಾಗ ವರ್ಷಕ್ಕೆ 6 ಡಾಲರು ಶುಲ್ಕವಿಟ್ಟರು. ಅವರಿಗಿಂತ ಮೊದಲೇ, 1950ರಲ್ಲಿ, ಹುಟ್ಟಿದ್ದ ಡೈನರ್ಸ್ ಕ್ಲಬ್ಬಿನ ಶುಲ್ಕಕ್ಕಿಂತ ಇದು ಒಂದು ಡಾಲರು ಹೆಚ್ಚು. ಹೆಚ್ಚು ಕೊಟ್ಟುದು ಹೆಚ್ಚಿನದೆಂದು ಜನ ಭಾವಿಸುವರೆಂಬುದು ಅವರಿಗೆ ತಿಳಿದಿತ್ತು. ಗೌರವಕ್ಕಾಗಿ ಹಣ ಕೊಡುವುದು ತಪ್ಪಲ್ಲ. ಆದರೆ ಅದನ್ನು ಉಳಿತಾಯದ ಕಂಬದಲ್ಲಿ ಬರೆಯಬಾರದು.

ಆಮೇಲೆ ಅವನು ಹೇಳಿದ ಮತ್ತೊಂದು ಮಾತು ನಮ್ಮ ಮನಸ್ಸಿಗೆ ಮುಟ್ಟಿತು. ಎರಡು ವರ್ಷದ ಪಾಯಿಂಟುಗಳನ್ನು ಅವನು ಮುಟ್ಟಿರಲಿಲ್ಲ. ಒಟ್ಟು 12,000 ಆಗಿದ್ದವು. ಇನ್ನೂ ಎರಡು ವರ್ಷ ಕೂಡಿಟ್ಟು ತಾಯಿಯನ್ನು ವಿಮಾನದಲ್ಲಿ ಕಾಶಿಗೆ ಕರೆದೊಯ್ಯಬೇಕೆಂಬುದು ಅವನ ಸಂಕಲ್ಪ. ಕಾರ್ಡನ್ನು ಬಿಡಲು ಮನಸ್ಸು ಬಾರದಿದ್ದುದಕ್ಕೆ ನಿಜವಾದ ಕಾರಣ ಇದೇ. ಅವನಿಗೆ ನಾವು ಹೀಗೆ ಹೇಳಿದೆವು: "ಪಾಯಿಂಟು ಬ್ಯಾಂಕಿನ ಖಾತೆಯಲ್ಲಿರುವುದು, ನಿನ್ನ ಕೈಯಲ್ಲಿಲ್ಲ. ಅದರ ಬೆಲೆಯನ್ನು ಅವರು ಇಳಿಸಬಲ್ಲರು; ಅದಕ್ಕೆ ಬಡ್ಡಿಯೂ ಬೆಳೆಯುವುದಿಲ್ಲ. ನಿನ್ನ ತಾಯಿ ಈಗಲೇ ಮಂಡಿ ಹಿಡಿದು ಮೆಟ್ಟಿಲು ಇಳಿಯುತ್ತಾರೆ. ಎರಡು ವರ್ಷದ ಮೇಲೆ ಪಾಯಿಂಟು ಇದ್ದರೂ ಘಟ್ಟದ ಮೆಟ್ಟಿಲು ಇಳಿಯಲು ಕಾಲು ಇರಬೇಕಲ್ಲ!"

ಅಂದೇ ರಾತ್ರಿ ಅವನು 12,000 ಪಾಯಿಂಟನ್ನೂ ಕೈಯಿಂದ ಮತ್ತಷ್ಟು ಹಣವನ್ನೂ ಹಾಕಿ ಕಾರ್ತಿಕಮಾಸಕ್ಕೆ ಟಿಕೆಟು ಕೊಂಡನು. ಪಾಯಿಂಟುಗಳನ್ನು ಬಳಸಿದ ಮೇಲೆಯೇ ಕಾರ್ಡನ್ನು ಮುಚ್ಚತಕ್ಕದ್ದು. ಮೊದಲೇ ಮುಚ್ಚಿದರೆ ಅವು ಹೋದಂತೆಯೇ. ಮುಚ್ಚುವ ಮೊದಲು, ಶುಲ್ಕವನ್ನು ಬಿಡುವರೋ, ಇಲ್ಲವೆ ಶುಲ್ಕವಿಲ್ಲದ ಕಾರ್ಡಿಗೆ ಬದಲಾಯಿಸಿಕೊಡುವರೋ ಎಂದು ಒಮ್ಮೆ ಕೇಳಿ ನೋಡಬೇಕು. ಬಾಕಿಯೆಲ್ಲ ತೀರಿದ್ದು ಗ್ರಾಹಕನು ಮುಚ್ಚಲು ಹೇಳಿದರೆ ಏಳು ಕೆಲಸದ ದಿನಗಳೊಳಗೆ ಮುಚ್ಚತಕ್ಕದ್ದೆಂದೂ, ತಡವಾದರೆ ದಿನಕ್ಕೆ 500 ರೂಪಾಯಿ ದಂಡ ತೆರತಕ್ಕದ್ದೆಂದೂ ರಿಜರ್ವ್ ಬ್ಯಾಂಕು 2022ರ ನಿರ್ದೇಶನದಲ್ಲಿ ವಿಧಿಸಿದೆ. ಆದುದರಿಂದ ಯಾರೂ ಸಂಕೋಚಪಡಬೇಕಾದುದಿಲ್ಲ.

ಶುಲ್ಕದ ಸೂಚನೆ ಬಂದ ದಿನ ಗೃಹಸ್ಥರು ಒಂದು ಹಾಳೆ ತೆಗೆದುಕೊಂಡು ಮೂರು ಕಂಬ ಹಾಕಲಿ. ನಿತ್ಯವನ್ನು ಪೂರ್ತಿಯಾಗಿಯೂ, ನೈಮಿತ್ತಿಕವನ್ನು ಒದಗಿದಷ್ಟೂ ಬರೆಯಲಿ. ಕಾಮ್ಯದ ಕಂಬವನ್ನು ಮನೆಯವರ ಕೈಗೆ ಕೊಟ್ಟರೆ ಅದು ತಾನಾಗಿಯೇ ಸರಿಹೋಗುತ್ತದೆ.