ರಸ್ತೆಯಲ್ಲಿ ಗೆದ್ದವರಿಗೆ ಕುರ್ಚಿ ಏಕಿಲ್ಲ?

2016ರ ಏಪ್ರಿಲ್ 18ರಂದು ಬೆಂಗಳೂರಿನ ಹೊಸೂರು ರಸ್ತೆ ನಿಂತುಹೋಯಿತು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಹೊಲಿಗೆ ಯಂತ್ರ ಬಿಟ್ಟು ಬೀದಿಗಿಳಿದಿದ್ದರು. ಮರುದಿನ ತುಮಕೂರು ರಸ್ತೆ, ಮೈಸೂರು ರಸ್ತೆಗಳಿಗೂ ಅದು ಹಬ್ಬಿತು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು, ಬಸ್ಸುಗಳಿಗೆ ಬೆಂಕಿ ಬಿತ್ತು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷ ತುಂಬುವವರೆಗೆ ಎತ್ತುವಂತಿಲ್ಲ ಎಂದಿದ್ದ ಆದೇಶವನ್ನು ಕೇಂದ್ರ ಸರ್ಕಾರ ಆ ಎರಡನೇ ದಿನವೇ ಹಿಂದಕ್ಕೆ ಪಡೆಯಿತು.

ಗಾರ್ಮೆಂಟ್ಸ್‌ಗೆ ಹೋಗುವವರ ಮನೆಯಲ್ಲಿ ಪಿಎಫ್ ಹಣ ಮುಪ್ಪಿನವರೆಗೆ ಕಾಯುವುದಿಲ್ಲ. ಮಗಳ ಕಾಲೇಜು ಫೀಸು, ಊರಿನ ಕೈಸಾಲ, ಭೋಗ್ಯದ ಮನೆ, ಯಾವುದಾದರೊಂದು ಅದಕ್ಕಾಗಿ ಬಾಯಿ ತೆರೆದು ಕೂತಿರುತ್ತದೆ. ಕೆಲಸ ಬಿಟ್ಟು, ಪಿಎಫ್ ಎತ್ತಿ, ಪಕ್ಕದ ಫ್ಯಾಕ್ಟರಿಗೆ ಸೇರಿಕೊಳ್ಳುವುದು ಅಲ್ಲಿನ ರೂಢಿ. ಅದಕ್ಕೇ ಕೈಹಾಕಿದಾಗ ಯಾರ ಕರೆಯೂ ಇಲ್ಲದೆ ಸಾವಿರಾರು ಜನ ಎದ್ದುನಿಂತರು. ನಾಯಕರಿಲ್ಲದ ಹೋರಾಟವೆಂದು ಅದನ್ನು ಕೊಂಡಾಡಿದವರು ಬಹಳ. ನನಗೆ ಕಾಡುವುದು ಆಮೇಲಿನ ಕಥೆ. ಪೊಲೀಸ್ ಕೇಸುಗಳು ಬಿದ್ದವು. ಹೆಂಗಸರು ಅದೇ ಲೈನಿಗೆ, ಅದೇ ಸೂಪರ್‌ವೈಸರ್‌ನ ಕೈಕೆಳಗೆ ಮರಳಿದರು. ದೆಹಲಿಯನ್ನು ಮಣಿಸಿದವರಿಗೆ ತಮ್ಮ ಫ್ಯಾಕ್ಟರಿಯ ಮ್ಯಾನೇಜರ್ ಎದುರು ಕೂತು ಮಾತಾಡಲು ಒಂದು ಕುರ್ಚಿ ಸಿಗಲಿಲ್ಲ.

ಆ ಲೈನನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಒಬ್ಬಳು ಕಾಲರ್ ಹೊಲಿದರೆ ಮುಂದಿನವಳು ಕಫ್, ಅವಳ ಮುಂದಿನವಳು ಜೇಬು. ಗಂಟೆಗೆ ಇಷ್ಟು ಪೀಸ್ ಎಂದು ಬೋರ್ಡಿನ ಮೇಲೆ ಬರೆದಿರುತ್ತದೆ. ಒಬ್ಬಳು ಶೌಚಕ್ಕೆ ಎದ್ದುಹೋದರೆ ಅವಳ ಯಂತ್ರದ ಬಳಿ ಬಟ್ಟೆ ಗುಡ್ಡೆಯಾಗುತ್ತದೆ, ಮುಂದಿನವಳ ಕೈ ಖಾಲಿಯಾಗುತ್ತದೆ, ಬೈಗುಳ ಇಬ್ಬರಿಗೂ ಬೀಳುತ್ತದೆ. ಹಾಗಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡುತ್ತಾರೆ. ಕಾನೂನು ಕನಿಷ್ಠ ವೇತನ ಹೇಳುತ್ತದೆ, ದುಡಿಮೆಯ ಗಂಟೆ ಹೇಳುತ್ತದೆ. ಒಂದು ಗಂಟೆಯಲ್ಲಿ ಎಷ್ಟು ಕಾಲರ್ ಹೊಲಿಯಬೇಕು ಎಂಬುದನ್ನು ಮಾತ್ರ ಯಾವ ಕಾನೂನೂ ಹೇಳುವುದಿಲ್ಲ. ಅದನ್ನು ಇಳಿಸಲು ಇರುವ ದಾರಿ ಒಂದೇ: ದಿನಾ ಅಲ್ಲೇ ಇರುವ, ಬೇಡಿಕೆಪಟ್ಟಿ ಹಿಡಿದು ಮಾತುಕತೆಗೆ ಕೂರುವ ಒಂದು ಸಂಘ.

ಬಿಡದೆ ಸಂಘಟಿತರಾದರೆ ಏನಾಗುತ್ತದೆ ಎಂಬುದಕ್ಕೆ ಇದೇ ಊರಿನ ಪೌರಕಾರ್ಮಿಕರನ್ನು ನೋಡಿ. ಬಹುಪಾಲು ದಲಿತ ಹೆಣ್ಣುಮಕ್ಕಳು, ಗುತ್ತಿಗೆಯಲ್ಲಿ ದುಡಿದವರು. ವರ್ಷಗಟ್ಟಲೆ ಸಭೆ, ಧರಣಿ, ಮನವಿ, ಕೋರ್ಟು ಎಂದು ಅಲೆದರು. ಮೊದಲು ಗುತ್ತಿಗೆದಾರನನ್ನು ನಡುವಿನಿಂದ ಸರಿಸಿ ಪಾಲಿಕೆಯಿಂದಲೇ ನೇರ ಸಂಬಳ ಪಡೆದರು. 2022ರ ಜುಲೈನಲ್ಲಿ ಪೊರಕೆ ಕೆಳಗಿಟ್ಟು ಮುಷ್ಕರ ಹೂಡಿ ಕಾಯಮಾತಿಯ ಭರವಸೆ ಪಡೆದರು. 2025ರ ಮೇ ದಿನದಂದು 12 ಸಾವಿರಕ್ಕೂ ಹೆಚ್ಚು ಮಂದಿಗೆ ಕಾಯಂ ನೇಮಕಾತಿ ಪತ್ರ ಬಂತು. ಒಂದು ಹೆಜ್ಜೆಯ ಮೇಲೆ ಇನ್ನೊಂದು ಹೆಜ್ಜೆ ಇಡಲು ಅವರಿಗೆ ಸಾಧ್ಯವಾದದ್ದು ಮುಷ್ಕರ ಮುಗಿದ ಮರುದಿನವೂ ಸಂಘ ಉಳಿದಿದ್ದರಿಂದ.

ಸಂಘ ಬಂದರೆ ಬಂಡವಾಳ ಓಡಿಹೋಗುತ್ತದೆ ಎನ್ನುವವರು ಕೋಲಾರದ ನರಸಾಪುರವನ್ನು ನೆನೆಯಲಿ. 2020ರ ಡಿಸೆಂಬರ್‌ನಲ್ಲಿ ಐಫೋನ್ ತಯಾರಿಸುತ್ತಿದ್ದ ವಿಸ್ಟ್ರಾನ್ ಕಾರ್ಖಾನೆಯಲ್ಲಿ ಗಾಜು ಪುಡಿಯಾಯಿತು, ವಾಹನಗಳು ಉರುಳಿದವು. ಅಲ್ಲಿದ್ದವರಲ್ಲಿ ಹೆಚ್ಚಿನವರು ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ಹುಡುಗರು. ಕೆಲವರಿಗೆ ಸಂಬಳ ಸರಿಯಾಗಿ ತಲುಪಿರಲಿಲ್ಲ ಎಂದು ಕಂಪನಿಯೇ ಆಮೇಲೆ ಒಪ್ಪಿಕೊಂಡು ಕ್ಷಮೆ ಕೇಳಿತು. ಆ ದೂರನ್ನು ಎತ್ತಿಕೊಂಡು ಆಡಳಿತದ ಮುಂದಿಡಲು ಅಲ್ಲಿ ಒಂದು ಸಂಘ ಇರಲಿಲ್ಲ. ಹಿಂಸೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ಹೇಳಿಕೊಳ್ಳಲು ಬಾಗಿಲೇ ಇಲ್ಲದ ಕಡೆ ಸಿಟ್ಟು ಕಿಟಕಿ ಒಡೆದುಕೊಂಡು ಬರುತ್ತದೆ ಎಂಬುದು ಬೊಮ್ಮನಹಳ್ಳಿಯಲ್ಲೂ ಕಂಡಿತು, ನರಸಾಪುರದಲ್ಲೂ ಕಂಡಿತು.

ಇಂಥ ಹೊತ್ತಿನಲ್ಲಿ ಆ ಬಾಗಿಲನ್ನು ಅಗಲಗೊಳಿಸುವ ಬದಲು ಕಿರಿದು ಮಾಡಿದ್ದೇವೆ. 29 ಕಾನೂನುಗಳನ್ನು ನಾಲ್ಕರಲ್ಲಿ ಅಡಕಗೊಳಿಸಿದ ಕಾರ್ಮಿಕ ಸಂಹಿತೆಗಳು 2025ರ ನವೆಂಬರ್ 21ರಿಂದ ಜಾರಿಗೆ ಬಂದಿವೆ. ಯಾವುದೇ ಕಾರ್ಖಾನೆಯಲ್ಲಿ ಮುಷ್ಕರಕ್ಕೆ ಈಗ 14 ದಿನ ಮೊದಲೇ ನೋಟಿಸ್ ಕೊಡಬೇಕು. ಅರ್ಧದಷ್ಟು ಜನ ಒಂದೇ ದಿನ ರಜೆ ಹಾಕಿದರೆ ಅದೂ ಮುಷ್ಕರವೇ. ಸರ್ಕಾರದ ಅನುಮತಿ ಪಡೆದೇ ಕಾರ್ಖಾನೆ ಮುಚ್ಚಬೇಕೆಂಬ ನಿಯಮ ಮೊದಲು 100 ಕಾರ್ಮಿಕರಿದ್ದಲ್ಲಿಗೆ ಅನ್ವಯಿಸುತ್ತಿತ್ತು, ಈಗ 300 ಮಂದಿ ಇರಬೇಕು. ಒಂದು ಮಾತು ಒಪ್ಪಬೇಕು: 1926ರ ಟ್ರೇಡ್ ಯೂನಿಯನ್ ಕಾಯ್ದೆ ಸಂಘವನ್ನು ನೋಂದಾಯಿಸಿಕೊಂಡಿತ್ತೇ ಹೊರತು ಅದನ್ನು ಮಾನ್ಯ ಮಾಡೆಂದು ಮಾಲೀಕನಿಗೆ ಹೇಳಿರಲಿಲ್ಲ. ಹೊಸ ಸಂಹಿತೆ ಹೇಳುತ್ತದೆ. ಹಲವು ಸಂಘಗಳಿದ್ದರೆ ಹಾಜರಿ ಪಟ್ಟಿಯಲ್ಲಿರುವವರಲ್ಲಿ ಶೇ 51ರ ಬೆಂಬಲ ಇರುವ ಸಂಘವೇ ಮಾತುಕತೆಗೆ ಕೂರುತ್ತದೆ. ತೊಡಕಿರುವುದು ಆ ಹಾಜರಿ ಪಟ್ಟಿಯಲ್ಲೇ. ಗುತ್ತಿಗೆಯವರ ಹೆಸರು ಇರುವುದು ಗುತ್ತಿಗೆದಾರನ ಪಟ್ಟಿಯಲ್ಲಿ. ಕಾರ್ಖಾನೆಯ ಲೆಕ್ಕಕ್ಕೆ ಅವರು ಬರುವುದೇ ಇಲ್ಲ. ಇನ್ನು ನಿಗದಿತ ಅವಧಿಗೆ ನೇಮಕಗೊಂಡವರು, ಅವಧಿ ಮುಂದುವರಿಸುವ ಕೈ ಮ್ಯಾನೇಜರನದೇ ಆಗಿರುವಾಗ, ಯಾವ ಧೈರ್ಯದ ಮೇಲೆ ಸಂಘದ ರಸೀದಿ ಹರಿಸಿಕೊಂಡಾರು?

ಎಲ್ಲವನ್ನೂ ಕಾನೂನಿನ ತಲೆಗೆ ಕಟ್ಟಿ ಸಂಘಗಳು ಕೈತೊಳೆದುಕೊಳ್ಳುವಂತಿಲ್ಲ. ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ ಕಾರ್ಮಿಕರು 1980ರ ಡಿಸೆಂಬರ್‌ನಿಂದ 77 ದಿನ ಮುಷ್ಕರ ಹೂಡಿದ ನಗರವಿದು. ಆ ಪೀಳಿಗೆಗೆ ಸಂಘವೆಂದರೆ ಏನೆಂದು ಹೇಳಿಕೊಡಬೇಕಿರಲಿಲ್ಲ. ಆದರೆ ಮುಂದಿನ ದಶಕಗಳಲ್ಲಿ ಅನೇಕ ಕಡೆ ಸಂಘ ಕಾಯಂ ನೌಕರರ ವೇತನ ಒಪ್ಪಂದದ ಸಮಿತಿಯಾಗಿ ಕುಗ್ಗಿತು. ಅದೇ ಯಂತ್ರದ ಎದುರು ಅದೇ ಕೆಲಸ ಮಾಡುವ ಗುತ್ತಿಗೆ ಹುಡುಗನಿಗೆ ಅದರಲ್ಲಿ ಸದಸ್ಯತ್ವವಿಲ್ಲ. ಹೆಂಗಸರೇ ತುಂಬಿರುವ ಉದ್ಯಮಗಳಲ್ಲೂ ವೇದಿಕೆಯ ಮೇಲೆ ಗಂಡಸರೇ ಕಾಣುತ್ತಾರೆ. ಬಾವುಟದ ಬಣ್ಣಕ್ಕೊಂದು ಸಂಘವಾದರೆ ಶೇ 51 ಯಾರಿಗೂ ದಕ್ಕುವುದಿಲ್ಲ.

ಆ್ಯಪ್ ಹಿಡಿದು ಬೈಕಿನಲ್ಲಿ ಓಡಾಡುವವರಿಗಂತೂ ಗೇಟೂ ಇಲ್ಲ, ಶಿಫ್ಟೂ ಇಲ್ಲ. ಐಡಿ ಬ್ಲಾಕ್ ಆದರೆ ಕೇಳಲು ಒಂದು ಮುಖವೂ ಇಲ್ಲ. ಅವರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ ಒಳ್ಳೆಯ ಹೆಜ್ಜೆ. ಕಲ್ಯಾಣ ಮಂಡಳಿ ಬಂತು, ಪ್ರತಿ ಸೇವೆಗೆ ಕಾರ್ಮಿಕನಿಗೆ ಕೊಡುವ ಹಣದ ಶೇ 1ರಿಂದ 5ರಷ್ಟನ್ನು ಕಂಪನಿ ಕಟ್ಟಬೇಕಾಯಿತು, ಕೆಲಸದಿಂದ ತೆಗೆಯಲು 14 ದಿನದ ನೋಟಿಸ್ ಮತ್ತು ಕಾರಣ ಬೇಕಾಯಿತು. ಆದರೆ ಒಂದು ಆರ್ಡರ್‌ಗೆ ಎಷ್ಟು ರೂಪಾಯಿ ಎಂಬುದನ್ನು ಈಗಲೂ ಕಂಪನಿಯೇ ತೀರ್ಮಾನಿಸುತ್ತದೆ. ಲೈನಿನ ಬೋರ್ಡಿನ ಮೇಲಿನ ಟಾರ್ಗೆಟ್‌ನಂತೆಯೇ ಅದು ಕೂಡ ಚೌಕಾಸಿಯಿಂದ ಮಾತ್ರ ಬದಲಾಗುವ ಸಂಗತಿ.

ರಾಜ್ಯ ಸರ್ಕಾರ ಮನಸ್ಸು ಮಾಡಿದರೆ ಆಗುವ ಕೆಲಸಗಳಿವೆ. ಸಂಘದ ಬೆಂಬಲವನ್ನು ಕಾರ್ಮಿಕ ಇಲಾಖೆ ಗುಪ್ತ ಮತದಾನದಿಂದ ಅಳೆಯಲಿ. ಗುತ್ತಿಗೆಯವರ ಅಹವಾಲಿಗೂ ಆ ಮಾತುಕತೆಯಲ್ಲಿ ಜಾಗ ಮಾಡಿಕೊಡಲಿ. ಸಂಘಗಳು ಗುತ್ತಿಗೆಯವರಿಗೆ ಸದಸ್ಯತ್ವ ಕೊಡಲು, ಹೆಂಗಸರನ್ನು ಪದಾಧಿಕಾರಿಗಳನ್ನಾಗಿ ಆರಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ. ಕಾರ್ಮಿಕರಲ್ಲಿ ಹೋರಾಟದ ಕೆಚ್ಚು ಉಡುಗಿದೆ ಎಂಬ ಗೊಣಗಾಟ ಸಾಕು. ಕೆಚ್ಚು ಎಷ್ಟಿದೆ ಎಂಬುದನ್ನು ಈ ಊರು ಎರಡೇ ದಿನದಲ್ಲಿ ಕಂಡಿದೆ. ಆ ಕೆಚ್ಚನ್ನು ವರ್ಷವಿಡೀ ಕಾಪಿಟ್ಟು ಮಾತುಕತೆಗೆ ಕೂರಿಸುವ ಕೆಲಸ ಸಂಘದ್ದು. ಅದನ್ನು ಮಾಡದ ಸಂಘಕ್ಕೆ ರಸೀದಿ ಪುಸ್ತಕ ಹಿಡಿದು ಗೇಟಿನ ಬಳಿ ನಿಲ್ಲುವ ಹಕ್ಕೂ ಇಲ್ಲ.