ಗೋಹರಬಾಯಿ ಮತ್ತು ರಂಗಗಾಯಕಿಯ ಪ್ರೇಮ

1937ರ ಹಾಲಿವುಡ್ ಚಿತ್ರ ‘ಮೇಟೈಮ್’ನಲ್ಲಿ ಆಪೆರಾ ಗಾಯಕಿ ಮಾರ್ಸಿಯಾ ತನ್ನನ್ನು ಬೆಳಕಿಗೆ ತಂದ ಗುರುವಿನ ಋಣಕ್ಕೆ ಕಟ್ಟುಬಿದ್ದು ಪ್ರೇಮಿಯನ್ನು ತೊರೆಯುತ್ತಾಳೆ. ವರ್ಷಗಳ ನಂತರ ಇಬ್ಬರೂ ಒಂದೇ ರಂಗದ ಮೇಲೆ ಹಾಡುವಾಗ ಪ್ರೇಮ ಮರುಕಳಿಸುತ್ತದೆ. ಈಗ ಪತಿಯಾಗಿರುವ ಗುರು ಪ್ರೇಮಿಯನ್ನು ಗುಂಡಿಟ್ಟು ಕೊಲ್ಲುತ್ತಾನೆ. ಪ್ರೇಕ್ಷಕರ ಕರುಣೆಯೆಲ್ಲ ಗಾಯಕಿಗೇ ಸಲ್ಲುತ್ತದೆ.

ಆಪೆರಾಕ್ಕೆ ಹತ್ತಿರದ ನಂಟಿರುವ ನಮ್ಮ ಸಂಗೀತ ನಾಟಕದ ಲೋಕದಲ್ಲಿ ಗಾಯಕಿಗೆ ಅಂಥ ಕರುಣೆ ದೊರೆಯಲಿಲ್ಲ. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಅವರ ಹೆಸರಿನ ಮಂಡಳಿಯಲ್ಲಿ ಬೆಳೆದ ಬಾಲಗಂಧರ್ವರ ಇಳಿಗಾಲದಲ್ಲಿ ಜೊತೆಯಾದವರು ಬೀಳಗಿಯ ಗೋಹರಬಾಯಿ, ಅಮೀರಬಾಯಿ ಕರ್ನಾಟಕಿಯವರ ಸಹೋದರಿ. ಬಾಲಗಂಧರ್ವರು ಪ್ರಸಿದ್ಧಗೊಳಿಸಿದ್ದ ಸ್ತ್ರೀಪಾತ್ರಗಳನ್ನು ಅವರು ವಹಿಸಿಕೊಂಡರು. 1964ರಲ್ಲಿ ತೀರಿಕೊಳ್ಳುವವರೆಗೂ ಜೊತೆಗಿದ್ದರು. ಆದರೂ ಆ ಮಹಾನಟನ ಅವನತಿಯನ್ನು ಹಲವು ರಸಿಕರು ಈಕೆಯ ತಲೆಗೇ ಕಟ್ಟಿದರು. ಇದು ಅನ್ಯಾಯ. ಸಾಲದ ಹೊರೆಯೂ ಬೋಲಪಟದ ಪೈಪೋಟಿಯೂ ಗೋಹರಬಾಯಿ ಬರುವ ಮೊದಲೇ ಗಂಧರ್ವ ಮಂಡಳಿಯನ್ನು ಹಣ್ಣುಮಾಡಿದ್ದವು.

ಬೆಳಗಾವಿ, ಖಾನಾಪುರಗಳು ಎರಡೂ ಭಾಷೆಗಳನ್ನು ಬಲ್ಲ ಸೀಮೆ. ಮರಾಠಿ ಆತ್ಮಕಥನಗಳ ಈ ಆರೋಪವನ್ನು ಕನ್ನಡದ ಆಕರಗಳೊಡನೆ ಇಟ್ಟು ಪರಿಶೀಲಿಸುವ ಕೆಲಸಕ್ಕೆ ಇಲ್ಲಿನ ಸಂಶೋಧಕರಷ್ಟು ಅರ್ಹರು ಬೇರೆಯವರಿಲ್ಲ. ಬಾಲಗಂಧರ್ವರ ಚರಿತ್ರೆಯ ಅಡಿಟಿಪ್ಪಣಿಯಿಂದ ಗೋಹರಬಾಯಿಯವರನ್ನು ಹೊರತಂದು, ಮೊದಲು ಗಾಯಕಿಯಾಗಿ ಅವರನ್ನು ಕೇಳಬೇಕಿದೆ.