ಲೋಣಾವಳದ ಮರಿ, ಕಾವೇರಿಯ ಮೀನು

2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕರ್ನಾಟಕಕ್ಕೆ 14.75 ಟಿ.ಎಂ.ಸಿ. ಹೆಚ್ಚುವರಿ ನೀರನ್ನು ವಿಧಿಸಿದಾಗ ಹೊರನಾಡಿನ ನಾವೆಲ್ಲ ಆ ಅಂಕಿಯನ್ನು ಬಾಯಿಪಾಠ ಮಾಡಿಕೊಂಡೆವು. ಅದೇ ವರ್ಷ ಕಾವೇರಿಯ ಡುಬ್ಬದ ಮಹಸೀರ್ ವಿನಾಶದ ಅಂಚಿನಲ್ಲಿರುವ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿದ್ದು ನಮ್ಮಲ್ಲಿ ಎಷ್ಟು ಜನರಿಗೆ ತಿಳಿದಿದೆ? ನೀರು ನಮ್ಮದು ಎನ್ನುವವರಿಗೆ ಆ ನೀರಿನ ಮೀನು ನಮ್ಮದಲ್ಲವೆ?

ಸಾಮಾನ್ಯ ಮೀನಲ್ಲ ಅದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರ ಗಾಳಕ್ಕೆ ಸಿಕ್ಕಿದ್ದು 120 ಪೌಂಡು ತೂಗಿತ್ತು. ಇಷ್ಟು ಖ್ಯಾತವಾದ ಮೀನಿಗೆ ಖಚಿತವಾದ ಶಾಸ್ತ್ರೀಯ ಹೆಸರು ದೊರೆತದ್ದು ಮಾತ್ರ 2018ರಲ್ಲಿ: ಟಾರ್ ರೆಮಾದೇವಿ. ಹೆಸರು ಗೊತ್ತಾಗುವ ಮುನ್ನವೇ ಅದರ ಮನೆಗೆ ಬೇರೊಂದು ಮೀನನ್ನು ತಂದು ತುಂಬಲಾಗಿತ್ತು.

ಪುಣೆಯ ಮುಳಾ-ಮುಠಾ ಹೊಳೆಯಿಂದ 1839ರಲ್ಲಿ ಸೈಕ್ಸ್ ವರ್ಣಿಸಿದ ನೀಲಿ ರೆಕ್ಕೆಯ ಮಹಸೀರನ್ನು ಲೋಣಾವಳದ ಟಾಟಾ ಮರಿಕೇಂದ್ರ 1970ರ ದಶಕದಿಂದ ಬೆಳೆಸಿತು. ತನ್ನ ನದಿಗಳ ಮಟ್ಟಿಗೆ ಅದು ಶ್ಲಾಘನೀಯ ಕಾರ್ಯ. ಆದರೆ ಆ ಮರಿಗಳನ್ನು ಕಾವೇರಿಗೂ ಬಿಟ್ಟದ್ದನ್ನು ಸಂರಕ್ಷಣೆ ಎನ್ನಲಾಗದು. ಗಾಲಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಕ್ಕೆ ಬಿದ್ದು ಮತ್ತೆ ನದಿ ಸೇರಿದ 6,161 ಮಹಸೀರ್‌ಗಳ ದಾಖಲೆಯಿದೆ. ಅದರಲ್ಲಿ ನೀಲಿ ರೆಕ್ಕೆಯದು ಏರುತ್ತ ಹೋಗಿದೆ, ಕಿತ್ತಳೆ ರೆಕ್ಕೆಯ ಡುಬ್ಬದ ಮೀನು ಕುಸಿಯುತ್ತ ಬಂದಿದೆ. ಅಣೆಕಟ್ಟು, ಮರಳುಗಳ್ಳತನ, ಸಿಡಿಮದ್ದುಗಳೇ ಕಾರಣವೆಂದು ಕೆಲವರು ವಾದಿಸಬಹುದು. ಆ ಪೀಡೆ ಎರಡಕ್ಕೂ ಇತ್ತಲ್ಲ? ಒಂದು ಹೆಚ್ಚಿ ಇನ್ನೊಂದೇ ಏಕೆ ಸೊರಗಿತು?

ಅಮೆರಿಕದ ವಾಯವ್ಯ ತೀರದವರು ಈ ಪಾಠವನ್ನು ಕಲಿತಿದ್ದಾರೆ. ಅಲ್ಲಿಯ ಸ್ಟೀಲ್‌ಹೆಡ್ ಎಂಬ ಮೀನು ಮೊಟ್ಟೆಯಿಡಲು ಕಡಲಿನಿಂದ ನದಿಗೇರುತ್ತದೆ. ಸಾಕಣೆಯಲ್ಲಿ ಕಳೆದ ಪ್ರತಿ ತಲೆಮಾರಿಗೂ ಅದರ ಸಂತಾನಶಕ್ತಿ ಸುಮಾರು ಶೇಕಡ 40ರಷ್ಟು ಕುಂದುವುದನ್ನು ಆರೆಗಾನಿನ ಹುಡ್ ನದಿಯ ಅಧ್ಯಯನ 2007ರಲ್ಲಿ ತೋರಿಸಿತು. ಅಲ್ಲಿಯ ಅನೇಕ ನದಿಗಳಲ್ಲಿ ಸಾಕಿದ ಮರಿಯ ಬೆನ್ನಿನ ಕಿರುರೆಕ್ಕೆಯನ್ನು ಕತ್ತರಿಸಿ ಬಿಡುತ್ತಾರೆ. ಗುರುತುಳ್ಳದ್ದನ್ನು ಒಯ್ಯಬಹುದು, ಕಾಡುಮೀನನ್ನು ಜೀವಂತ ಮರಳಿ ಬಿಡಬೇಕು.

ನಮ್ಮಲ್ಲಿ ಗುರುತನ್ನು ಪ್ರಕೃತಿಯೇ ಹಾಕಿದೆ. ರೆಕ್ಕೆಯ ಬಣ್ಣ ನೋಡಿದರೆ ಸಾಕು. ಆದರೂ ನಾವು ಮಾಡಿದ್ದೇನು? ವನ್ಯಜೀವಿ ಕಾಯಿದೆಯ ಹೆಸರಿನಲ್ಲಿ ಅಭಯಾರಣ್ಯದೊಳಗಿನ ಗಾಳವನ್ನು ನಿಲ್ಲಿಸಿದೆವು. ಗಾಳದವರೊಡನೆ ಅವರ ದಾಖಲೆಯೂ, ದಡದ ಕಾವಲೂ ಹೋದವು. ಸಿಡಿಮದ್ದಿನವನಿಗೆ ಯಾವ ಕಾಯಿದೆಯ ಭಯ?

ಆದುದರಿಂದ ಕಾವೇರಿಗೆ ಹೊರಗಿನ ಮಹಸೀರ್ ಮರಿ ಬಿಡುವುದು ಸಂಪೂರ್ಣ ನಿಲ್ಲಬೇಕು. ನೀಲಿ ರೆಕ್ಕೆಯದನ್ನು ಹಿಡಿಯಲು ಅಭಯಾರಣ್ಯದ ಹೊರಗೆ ನದಿಯಂಚಿನ ಮೀನುಗಾರರಿಗೆ ಅವಕಾಶವಿರಲಿ. ಕಿತ್ತಳೆ ರೆಕ್ಕೆಯದನ್ನು ಮುಟ್ಟುವುದು ಅಪರಾಧವಾಗಲಿ. ಮೋಯಾರಿನಲ್ಲಿ ಉಳಿದಿರುವ ಸಂತತಿಯನ್ನು ಕಾಯಲು ಕರ್ನಾಟಕ, ತಮಿಳುನಾಡುಗಳು ಒಂದಾಗಲಿ. ಚೆನ್ನೈಯ ಕನ್ನಡಿಗರೂ ಪುಣೆಯ ಕನ್ನಡಿಗರೂ ತಂತಮ್ಮ ಸಂಘದಿಂದ ಇದನ್ನು ಠರಾವಾಗಿ ಎರಡೂ ಸರಕಾರಗಳಿಗೆ ಕಳಿಸಬೇಕು. ನೀರಿನ ಪಾಲಿಗಾಗಿ ಜಗಳವಾಡಿದ ಎರಡು ರಾಜ್ಯಗಳು ಒಂದು ಮೀನಿಗಾಗಿಯಾದರೂ ಒಟ್ಟಿಗೆ ಕೂರಲಿ.